ಮಾಳಿಗೆಗೆ ತಗುಲಿದ ಶೀಟು

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಸ್ವಲ್ಪ ಹತ್ತಿ, ಉಸಿರು ಸುಧಾರಿಸಿಕೊಳ್ಳಲು ನಿಂತು ಕೆಳಗೆ ಕಣ್ಣು ಹಾಯಿಸಿದರೆ ಊರಿನ ನೂರು ವರ್ಷದ ಕಥೆ ಚಾವಣಿಗಳ ಮೇಲೆಯೇ ಬರೆದಿಟ್ಟಂತಿದೆ. ಹಳೆಯ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಮಣ್ಣಿನ ಮಾಳಿಗೆ. ಅದರ ಪಕ್ಕದಲ್ಲಿ ಪಾಚಿ ಹಿಡಿದು ಕಪ್ಪಾದ ಮಂಗಳೂರು ಹೆಂಚು. ಹೊಸ ಬಡಾವಣೆಗಳ ಕಡೆ ಆರ್‌ಸಿಸಿ, ಅದರ ಮೇಲೆ ನೀರಿನ ಟ್ಯಾಂಕು. ಇವೆಲ್ಲದರ ನಡುವೆ, ಹಿತ್ತಲಿಗೆ, ಬಚ್ಚಲಿಗೆ, ಅಡುಗೆಮನೆಗೆ, ಅಂಗಡಿಗೆ, ಮಾಳಿಗೆಯ ಮೇಲಕ್ಕೂ ಹಬ್ಬಿರುವ ಬೂದಿ ಬಣ್ಣದ, ಅಲೆ ಅಲೆಯಾದ ಸಿಮೆಂಟ್ ಶೀಟು.

ಹಳೆಯ ಮನೆ ಎಂದರೆ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂಬ ಮಾತು ಈ ಕಡೆ ಸಾಮಾನ್ಯ. ಮಣ್ಣಿನ ಗೋಡೆ, ಕತ್ತಲ ನಡುಮನೆ, ಜಂತೆಯಿಂದ ಉದುರುವ ಪುಡಿ, ಸಂದಿಯಲ್ಲಿ ಚೇಳು ಎಂದು ಹಿರಿಯರ ಮನೆಯನ್ನೇ ದೂರುತ್ತಾರೆ. ಆದರೆ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳೆಯ ಮನೆಗಳನ್ನು ಪದರ ಪದರವಾಗಿ ಬಿಡಿಸಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಅಜ್ಜ ಕಟ್ಟಿಸಿದ್ದರಲ್ಲಿ ಅಪಾಯ ಕಡಿಮೆ. ಮುಂದಿನ ತಲೆಮಾರು ಮಾಡಿಸಿದ ರಿಪೇರಿಯಲ್ಲಿ ಅದು ಹೆಚ್ಚು. ಸುಮಾರು 1960ರಿಂದ 2000ದವರೆಗೆ ಹಳೆಯ ಮನೆಗಳಿಗೆ ಸೇರಿಕೊಂಡ ಶೀಟು, ಆಯಿಲ್ ಪೇಂಟು, ಸಿಮೆಂಟ್ ಗಿಲಾವು, ಇವುಗಳ ಬಗ್ಗೆಯೇ ಇವತ್ತು ಮಾತಾಡಬೇಕಾಗಿರುವುದು. ಆ ಮನೆಗಳನ್ನು ಈಗ ಒಂದೊಂದಾಗಿ ಕೆಡವಿ ಹೊಸದು ಕಟ್ಟುತ್ತಿರುವುದರಿಂದ ಈ ಮಾತಿಗೆ ಅವಸರವೂ ಇದೆ.

ಮೊದಲು ಆ ಅಜ್ಜನ ಮನೆ ಎಂಥದು? ಒಂದೂವರೆ ಎರಡು ಅಡಿ ದಪ್ಪದ ಮಣ್ಣಿನ ಅಥವಾ ಕಲ್ಲಿನ ಗೋಡೆ, ಮರದ ಕಂಬ, ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಚಕ್ಕೆಯೋ ಸೊಪ್ಪೋ ಹರಡಿ, ಅದರ ಮೇಲೆ ತುಳಿದು ಹದ ಮಾಡಿದ ಮಣ್ಣು. ಎಲ್ಲಕ್ಕೂ ಮೇಲೆ ಚೌಳು ಮಣ್ಣು; ಪಾವಗಡದ ಕಡೆ ತೆಲುಗು ಬೆರೆಸಿ ಚವುಡು ಎನ್ನುತ್ತಾರೆ, ಮಾಳಿಗೆಯನ್ನು ಮಿದ್ದೆ ಎನ್ನುತ್ತಾರೆ. ಹೊಲಕ್ಕೆ ಶಾಪವಾದ ಈ ಮಣ್ಣು ಚಾವಣಿಗೆ ವರ. ಮಳೆ ಬಿದ್ದರೆ ಬಿಗಿದುಕೊಂಡು ನೀರನ್ನು ಬೇಗ ಕೆಳಗಿಳಿಯಲು ಬಿಡುವುದಿಲ್ಲ. ನಡುಮನೆಯ ನೆತ್ತಿಗೆ ಗವಾಕ್ಷಿ. ಹೊಗೆ ಹೋಗುವುದೂ ಬೆಳಕು ಬರುವುದೂ ಅದರಿಂದಲೇ. ಇನ್ನು ಶಿರಾದ ಕಡೆ ಬಂದರೆ ಇಟ್ಟಿಗೆ, ಸುಣ್ಣದ ಗಾರೆ, ಕಡೆದ ಕಲ್ಲಿನ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ. 1687ರಿಂದ 1757ರವರೆಗೆ ಮೊಘಲರ ಸುಬಾದ ರಾಜಧಾನಿಯಾಗಿದ್ದ ಊರು ಅದು. 1696ರ ಜಾಮಿಯಾ ಮಸೀದಿ ಈಗಲೂ ನಿಂತಿದೆ.

ಇಂಥ ಮನೆಗೆ ತನ್ನದೇ ಕಷ್ಟಗಳಿದ್ದವು, ಅದನ್ನು ಮುಚ್ಚಿಡಬೇಕಿಲ್ಲ. ವರ್ಷವರ್ಷ ಮಾಳಿಗೆಗೆ ಮಣ್ಣು ಹಾಕದಿದ್ದರೆ ಸೋರುತ್ತದೆ, ಜಡಿಮಳೆಗೆ ನೆನೆದ ಗೋಡೆ ರಾತ್ರೋರಾತ್ರಿ ಕುಸಿದು ಮಲಗಿದ್ದವರ ಮೇಲೆ ಬೀಳುತ್ತದೆ. ಸೌದೆ ಒಲೆಯ ಹೊಗೆ ಹೆಂಗಸರ ಎದೆ ಸುಟ್ಟಿದೆ. ಆದರೆ ಮಣ್ಣು, ಸುಣ್ಣ, ಮರ ಮೂರೂ ನಲವತ್ತು ವರ್ಷ ಕಾದು ಕೂತು ಕೊಲ್ಲುವಂಥವಲ್ಲ.

ಶೀಟು ಹಾಗಲ್ಲ.

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಹೆಸರಿದೆ. ಇಷ್ಟು ಸರಿಯಾದ ಹೆಸರು ಸಿಗುವುದು ಅಪರೂಪ. ಅದು ಕಲ್ಲೇ, ಆದರೆ ನಾರು ನಾರಾಗಿ ಬಿಚ್ಚಿಕೊಳ್ಳುವ ಕಲ್ಲು. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ, ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ಸಿಮೆಂಟಿಗೆ ಇದನ್ನು ಸೇರಿಸಿದರೆ ತೆಳುವಾದ, ಗಟ್ಟಿಯಾದ, ಅಗ್ಗದ ಚಾವಣಿ ಸಿದ್ಧ. ಒಂದು ಶೀಟಿನಲ್ಲಿ ನೂರಕ್ಕೆ ಎಂಟು ಹತ್ತು ಪಾಲಷ್ಟೇ ಕಲ್ನಾರು, ಉಳಿದದ್ದು ಬಹುಪಾಲು ಸಿಮೆಂಟು ಮತ್ತು ಹಾರುಬೂದಿ. ಹೆಂಚಿನ ಮನೆಗೆ ಬೇಕಾಗುವಷ್ಟು ಮರ ಬೇಡ, ಮಾಳಿಗೆಗೆ ಬೇಕಾಗುವಷ್ಟು ಆಳು ಬೇಡ. ನಾಲ್ಕು ಪೈಪು ಕಟ್ಟಿ, ಹುಕ್ಕು ಹಾಕಿ ಬಿಗಿದರೆ ಒಂದೇ ದಿನದಲ್ಲಿ ನೆರಳು. ಬರಗಾಲ ಬೆನ್ನು ಬಿಡದ ಪಾವಗಡ, ಶಿರಾದ ಬಡವರು ಇದನ್ನು ಆರಿಸಿಕೊಂಡದ್ದರಲ್ಲಿ ಯಾವ ತಪ್ಪೂ ಇಲ್ಲ. ಇದರ ಸ್ವಭಾವ ಏನೆಂದು ಅವರಿಗೆ ಯಾರೂ ಹೇಳಲಿಲ್ಲ, ತಪ್ಪಿರುವುದು ಅಲ್ಲಿ.

ಶೀಟು ಸುಮ್ಮನೆ ಚಾವಣಿಯ ಮೇಲೆ ಇಡಿಯಾಗಿ ಕೂತಿರುವಷ್ಟು ದಿನ ಸಿಮೆಂಟು ಆ ನಾರನ್ನು ಹಿಡಿದಿಟ್ಟಿರುತ್ತದೆ. ತೊಂದರೆ ಶುರುವಾಗುವುದು ಅದನ್ನು ಕೊಯ್ದಾಗ, ತೂತು ಹೊಡೆದಾಗ, ಒಡೆದಾಗ, ಉಜ್ಜಿದಾಗ. ಮೂವತ್ತು ನಲವತ್ತು ವರ್ಷ ಬಿಸಿಲು ಮಳೆಗೆ ಸವೆದ ಶೀಟಿನ ಮೈಯಿಂದಲೂ ನಾರು ಬಿಡಿಸಿಕೊಳ್ಳುತ್ತದೆ. ಹಾಗೆ ಹಾರುವ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು. ಮೂಗಿನ ಕೂದಲು ತಡೆಯುವುದಿಲ್ಲ, ಹೆಗಲ ಮೇಲಿನ ಟವಲನ್ನು ಮುಖಕ್ಕೆ ಸುತ್ತಿಕೊಂಡರೂ ಪ್ರಯೋಜನವಿಲ್ಲ. ಶ್ವಾಸಕೋಶದ ತುದಿಯವರೆಗೆ ಹೋಗಿ ಚುಚ್ಚಿಕೊಂಡ ಎಳೆಯನ್ನು ದೇಹ ಕರಗಿಸಲಾರದು, ಹೊರಗೆ ತಳ್ಳಲೂ ಆರದು. ಸುತ್ತ ಗಾಯ, ಗಾಯದ ಮೇಲೆ ಗಾಯ. ಕೆಲವರಿಗೆ ಶ್ವಾಸಕೋಶವೇ ಗಟ್ಟಿಯಾಗಿ ಉಸಿರು ಹಿಡಿಯುತ್ತದೆ. ಕೆಲವರಿಗೆ ಶ್ವಾಸಕೋಶದ ಕ್ಯಾನ್ಸರ್. ಇನ್ನು ಕೆಲವರಿಗೆ ಶ್ವಾಸಕೋಶವನ್ನು ಸುತ್ತಿದ ಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್, ಬಹುಮಟ್ಟಿಗೆ ಕಲ್ನಾರಿನಿಂದಲೇ ಬರುವ ಕಾಯಿಲೆ. ಎಳೆ ಒಳಗೆ ಹೋದ ದಿನಕ್ಕೂ ರೋಗ ತಲೆಯೆತ್ತುವ ದಿನಕ್ಕೂ 20ರಿಂದ 50 ವರ್ಷಗಳ ಅಂತರ. ಬೀಡಿ ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಹಲವು ಪಟ್ಟು ಏರುತ್ತದೆ.

ಇಟಲಿಯ ಕಸಾಲೆ ಮೊನ್‌ಫೆರಾಟೊ ಎಂಬ ಪಟ್ಟಣದ ಕಥೆ ನಮ್ಮ ಊರುಗಳಿಗೆ ಹತ್ತಿರವಾದದ್ದು. ಅಲ್ಲಿ 1907ರಿಂದ 1986ರವರೆಗೆ ಕಲ್ನಾರು ಶೀಟಿನ ಕಾರ್ಖಾನೆ ಇತ್ತು. ಅಲ್ಲೇ ಮಾಡುತ್ತಿದ್ದ ಕಲ್ನಾರು ಪೈಪುಗಳನ್ನು ನಯಗೊಳಿಸಿದಾಗ ಉದುರಿದ ಪುಡಿ ಜನರಿಗೆ ಸುಲಭವಾಗಿ ಸಿಗುತ್ತಿತ್ತು. ಅಟ್ಟಕ್ಕೆ ಹರಡಿದರು, ಅಂಗಳಕ್ಕೆ ಹಾಸಿದರು, ಮಕ್ಕಳು ಅದರ ಮೇಲೆ ಆಡಿದರು. ಕಾರ್ಮಿಕರು ಸತ್ತದ್ದು ಒಂದು ಕಡೆಯಾದರೆ, ಗಂಡನ ಕೆಲಸದ ಬಟ್ಟೆ ಒಗೆದ ಹೆಂಡತಿಯರು, ಕಾರ್ಖಾನೆಯ ಬಾಗಿಲನ್ನೇ ತುಳಿಯದ ಊರವರೂ ಸತ್ತರು. ಬಾಗಿಲು ಮುಚ್ಚಿ ದಶಕಗಳಾದ ಮೇಲೂ ಆ ಊರಿನಲ್ಲಿ ಹೊಸ ರೋಗಿಗಳು ಬರುತ್ತಲೇ ಇದ್ದಾರೆ.

ಬಟ್ಟೆ ಒಗೆದ ಹೆಂಡತಿ ಎಂಬ ಮಾತಿನಲ್ಲಿ ನಿಲ್ಲಬೇಕು. ಕೊರಟಗೆರೆಯಲ್ಲೋ ಮಧುಗಿರಿಯಲ್ಲೋ ಹಳೆಯ ಶೀಟು ಇಳಿಸುವ ಕೆಲಸಕ್ಕೆ ಹೋಗುವ ಗಾರೆ ಕೆಲಸದವನು ಕಟಿಂಗ್ ಮಷೀನಿನ ಬಿಳಿ ಪುಡಿಯನ್ನು ಮೈಮೇಲೆ ಹೊತ್ತೇ ಸಂಜೆ ಮನೆಗೆ ಬರುತ್ತಾನೆ. ಮಗು ಓಡಿಬಂದು ತಬ್ಬಿಕೊಳ್ಳುತ್ತದೆ. ಅಂಗಿಯನ್ನು ಕೊಡವಿ ಒಗೆಯುವವಳು ಹೆಂಡತಿ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ನಿವೃತ್ತಿಯ ನಂತರ 15 ವರ್ಷ, ಯಾವುದು ಆಮೇಲೋ ಅಲ್ಲಿಯವರೆಗೆ ಇಟ್ಟಿರಬೇಕೆಂದಿತು. ರೋಗಕ್ಕೆ ಇಷ್ಟು ಉದ್ದದ ನೆನಪು ಬೇಕು ಎಂದು ನ್ಯಾಯಾಲಯಕ್ಕೆ ಗೊತ್ತಿತ್ತು. ಆದರೆ ಆ ದಾಖಲೆ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಇವತ್ತು ಶಿರಾದಲ್ಲಿ, ನಾಳೆ ಹುಳಿಯಾರಿನಲ್ಲಿ, ಆಚೆ ನಾಳಿದ್ದು ಬೆಂಗಳೂರಿನಲ್ಲಿ ದಿನಗೂಲಿ ಮಾಡುವವನ ಶ್ವಾಸಕೋಶದ ಲೆಕ್ಕ ಇಡುವವರಿಲ್ಲ. ಅರವತ್ತರ ವಯಸ್ಸಿನಲ್ಲಿ ಅವನಿಗೆ ಉಬ್ಬಸ ಹೆಚ್ಚಾದರೆ ಬೀಡಿಯ ಮೇಲೋ ವಯಸ್ಸಿನ ಮೇಲೋ ಹಾಕಿ ಮುಗಿಸುತ್ತಾರೆ.

ಲೆಕ್ಕ ಸಿಗದಿರುವುದಕ್ಕೆ ಇನ್ನೊಂದು ಉದಾಹರಣೆ 2011ರ ಜನಗಣತಿಯಲ್ಲೇ ಇದೆ. ಮನೆಯ ಚಾವಣಿ ಯಾವುದರದು ಎಂಬ ಪ್ರಶ್ನೆಗೆ ತಗಡು, ಲೋಹದ ಶೀಟು, ಕಲ್ನಾರು ಶೀಟು ಮೂರನ್ನೂ ಒಂದೇ ಕಲಮಿನಲ್ಲಿ ತುಂಬಿದರು. ಅಡಿಯಲ್ಲಿ ಮಲಗುವವರಿಗೆ ಜಿಂಕ್ ಶೀಟಿಗೂ ಕಲ್ನಾರಿಗೂ ಇರುವ ವ್ಯತ್ಯಾಸ ಅಷ್ಟಿಷ್ಟಲ್ಲ.

ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಗೆ, ಐರೋಪ್ಯ ಒಕ್ಕೂಟ 2005ರಲ್ಲಿ ಕಲ್ನಾರನ್ನು ನಿಷೇಧಿಸಿದವು. ಭಾರತದಲ್ಲಿ ಗಣಿಗಾರಿಕೆ ನಿಂತಿದೆ. ಪಾವಗಡದ ಆಚೆ, ಕಡಪ ಜಿಲ್ಲೆಯ ಪುಲಿವೆಂದುಲದ ಸುತ್ತ ಒಂದು ಕಾಲಕ್ಕೆ ಬಿಳಿ ಕಲ್ನಾರನ್ನು ತೆಗೆಯುತ್ತಿದ್ದರು. ಆದರೆ ಆಮದು ನಿಂತಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಕಲ್ನಾರನ್ನು ತರಿಸಿಕೊಳ್ಳುವ ದೇಶ ನಮ್ಮದು, ಅದರಲ್ಲಿ ದೊಡ್ಡ ಪಾಲು ರಷ್ಯಾದಿಂದ. ಅಲ್ಲಿ ಉರಲ್ ಪರ್ವತದ ಬುಡದಲ್ಲಿ ಆಸ್ಬೆಸ್ಟ್ ಎಂಬ ಹೆಸರಿನ ಊರೇ ಇದೆ.

ಇನ್ನು ಗೋಡೆಗೆ ಬರೋಣ. ಮಣ್ಣಿನ ಗೋಡೆಗೆ ಸುಣ್ಣ ಬಳಿದಾಗ ಅದು ಉಸಿರಾಡುತ್ತದೆ. ನೆಲದಿಂದ ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಅನುಕೂಲ ಬಂದ ಮೇಲೆ ಅದೇ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ, ಕೆಳಗಿನ ಮೂರು ನಾಲ್ಕು ಅಡಿಗೆ ಒರೆಸಿದರೆ ಹೋಗಲಿ ಎಂದು ಆಯಿಲ್ ಪೇಂಟ್ ಬಳಿಸಿದರು. ತೇವಕ್ಕೆ ಹೋಗಲು ದಾರಿ ಇಲ್ಲದಾಯಿತು. ಗೋಡೆಯ ಒಳಗೇ ಏರಿ, ಉಪ್ಪನ್ನೂ ಹೊತ್ತು ತಂದು, ಬಣ್ಣವನ್ನು ಗುಳ್ಳೆ ಗುಳ್ಳೆಯಾಗಿ ಎಬ್ಬಿಸಿತು. ಮಂಚ ಸರಿಸಿದಾಗ ಹಿಂದೆ ಬೂಷ್ಟು, ನೆಲದ ಮೇಲೆ ಒಡೆದು ಬಿದ್ದ ಬಣ್ಣದ ಹಕ್ಕಳೆ. ಬೂಷ್ಟಿನಿಂದ ಗೂರಲು ಇರುವವರಿಗೆ, ಎಳೆ ಮಕ್ಕಳಿಗೆ ಕೆಮ್ಮು ಹೆಚ್ಚುತ್ತದೆ. ಹಕ್ಕಳೆಯ ಕಥೆ ಅದಕ್ಕಿಂತ ಗಂಭೀರ.

1904ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಕಣ್ಣಿನ ವೈದ್ಯ ಜಾನ್ ಲಾಕ್‌ಹಾರ್ಟ್ ಗಿಬ್ಸನ್ ಒಂದು ಒಗಟು ಬಿಡಿಸಿದರು. ಆ ಊರಿನ ಮಕ್ಕಳಿಗೆ ಸೀಸದ ವಿಷ ಎಲ್ಲಿಂದ ಬರುತ್ತಿದೆ ಎಂಬುದು ಆವರೆಗೆ ತಿಳಿದಿರಲಿಲ್ಲ. ಗಿಬ್ಸನ್ ಬೆರಳು ತೋರಿಸಿದ್ದು ಮನೆಯ ಜಗಲಿಯ ಕಟಕಟೆಯ ಕಡೆಗೆ. ಬಿಸಿಲಿಗೆ ಪುಡಿಯಾದ ಬಣ್ಣ ಮಕ್ಕಳ ಕೈಗೆ ಅಂಟಿ ಬಾಯಿಗೆ ಹೋಗುತ್ತಿತ್ತು. ವೈದ್ಯಲೋಕ ಇದನ್ನು ನಂಬಲು ಬಹಳ ವರ್ಷ ಹಿಡಿಯಿತು. ಬ್ರಿಸ್ಬೇನ್ ಇರುವ ಪ್ರಾಂತ್ಯ ಮಕ್ಕಳ ಕೈಗೆಟುಕುವ ಕಡೆ ಸೀಸದ ಬಣ್ಣ ಬಳಿಯುವುದನ್ನು ತಡೆದದ್ದು 1922ರಲ್ಲಿ.

ನಮ್ಮ ಮನೆಗಳಲ್ಲಿ ಆ ಕಟಕಟೆಯ ಜಾಗದಲ್ಲಿ ಕಿಟಕಿಯ ಸರಳು ಇದೆ. ಕಿಟಕಿಯ ಕಟ್ಟೆಯ ಮೇಲೆ ನಿಂತು, ಎರಡೂ ಕೈಯಲ್ಲಿ ಸರಳು ಹಿಡಿದು, ಬೀದಿ ನೋಡುತ್ತಾ ಅದನ್ನೇ ನೆಕ್ಕುವ ಮಗುವನ್ನು ಯಾರು ಕಂಡಿಲ್ಲ? ಹಸಿರು, ಹಳದಿ, ಕೆಂಪು ಎನಾಮಲ್ ಬಣ್ಣಗಳ ಹೊಳಪಿಗೆ ಸೀಸದ ಸಂಯುಕ್ತಗಳೇ ಬಹುಕಾಲ ಆಧಾರವಾಗಿದ್ದವು. ಕಡು ಹಳದಿಯಲ್ಲಿ ಅದು ವಿಶೇಷವಾಗಿ ಹೆಚ್ಚು. ಕೇಂದ್ರ ಸರ್ಕಾರ 2016ರ ನವೆಂಬರ್ 1ರಂದು ನಿಯಮ ಹೊರಡಿಸಿ, ಮರುವರ್ಷದಿಂದ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದೆಂದು ಕಟ್ಟುಮಾಡಿತು. ಆದರೆ 2017ಕ್ಕಿಂತ ಮೊದಲು ಬಳಿದದ್ದು ಸರಳಿನ ಮೇಲೆ ಹಾಗೇ ಇದೆ, ಒಂದರ ಮೇಲೊಂದು ಹತ್ತು ಪದರವಾಗಿ.

ಸೀಸ ದೇಹಕ್ಕೆ ಹೋದರೆ ದೇಹ ಅದನ್ನು ಸುಣ್ಣದಂಶ ಎಂದೇ ತಿಳಿದು ಎಲುಬಿನಲ್ಲಿ ಕೂಡಿಡುತ್ತದೆ. ಒಂದೇ ಪ್ರಮಾಣದ ಸೀಸ ನುಂಗಿದರೂ ಮಗು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ, ಗಮನ ನಿಲ್ಲುವುದಿಲ್ಲ, ರಕ್ತಹೀನತೆ ಬರುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಎಂಬ ಮಟ್ಟವೇ ಸೀಸಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಬ್ಬಿಣದ ಅಂಶ ಕಡಿಮೆ ಇರುವ ಮಗುವಿನಲ್ಲಿ ಸೀಸ ಇನ್ನೂ ಸುಲಭವಾಗಿ ಒಳಸೇರುತ್ತದೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಸುಮಾರು ಮೂವರು ಮಕ್ಕಳಲ್ಲಿ ಇಬ್ಬರಿಗೆ ರಕ್ತಹೀನತೆ ಇದೆ ಎಂಬ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮಾತನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಶಾಲೆಯಲ್ಲಿ ಪಾಠ ಹತ್ತುವುದಿಲ್ಲ ಎಂದು ಬೈಸಿಕೊಳ್ಳುವ ಮಗುವಿನ ರಕ್ತವನ್ನು ಸೀಸಕ್ಕಾಗಿ ಪರೀಕ್ಷಿಸುವ ಯೋಚನೆ ನಮ್ಮಲ್ಲಿ ಯಾರಿಗೂ ಬರುವುದಿಲ್ಲ.

ಈ ಯೋಚನೆಯನ್ನು ದೇಶದಲ್ಲಿ ಹುಟ್ಟಿಸಿದ್ದು ಬೆಂಗಳೂರು. 1990ರ ದಶಕದ ಕೊನೆಗೆ ಅಲ್ಲಿನ ಜಾರ್ಜ್ ಫೌಂಡೇಶನ್ ದೇಶದ ಪ್ರಮುಖ ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಯಲ್ಲಿ ಅರ್ಧದಷ್ಟು ಮಕ್ಕಳಲ್ಲಿ ಸೀಸ ಆಗಿನ ಎಚ್ಚರಿಕೆಯ ಮಟ್ಟವನ್ನು ದಾಟಿತ್ತು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಸೀಸದ ವಿಷಕ್ಕಾಗಿಯೇ ರಾಷ್ಟ್ರೀಯ ಕೇಂದ್ರವೊಂದನ್ನು ನಡೆಸಿ, ಬಣ್ಣದಲ್ಲಿನ ಸೀಸದ ವಿರುದ್ಧ ವರ್ಷಗಟ್ಟಲೆ ದನಿಯೆತ್ತಿದರು.

ಯುಗಾದಿಗೆ, ಜಾತ್ರೆಗೆ ಮನೆಗೆ ಬಣ್ಣ ಹೊಡೆಸುವಾಗ ಪೇಂಟರು ಹಳೆಯದನ್ನು ಒಣಗಿರುವಂತೆಯೇ ಕೆರೆದು ಪಾಲೀಷ್ ಪೇಪರಿನಲ್ಲಿ ಉಜ್ಜುವ ಆ ಎರಡು ದಿನಗಳೇ ಇಡೀ ವರ್ಷದಲ್ಲಿ ಹೆಚ್ಚು ಅಪಾಯದವು. ಪುಡಿ ಹಾಸಿಗೆಗೆ, ಪಾತ್ರೆಗೆ, ಅಂಬೆಗಾಲಿಡುವ ಮಗುವಿನ ಅಂಗೈಗೆ ಇಳಿಯುತ್ತದೆ. ನೀರು ಚಿಮುಕಿಸಿ ಒದ್ದೆಯಾಗಿಯೇ ಉಜ್ಜುವುದು, ಬೆಂಕಿ ಹಿಡಿದು ಬಣ್ಣ ಸುಲಿಯದಿರುವುದು, ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಮಕ್ಕಳನ್ನೂ ಬಸುರಿಯನ್ನೂ ಆ ದಿನಗಳಲ್ಲಿ ನೆಂಟರ ಮನೆಗೆ ಕಳಿಸುವುದು, ಇವಕ್ಕೆ ದುಡ್ಡು ಬೇಕಿಲ್ಲ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಕೆರೆಯದೆ ಮೇಲೆ ಹೊಸ ಕೋಟು ಹೊಡೆಯುವುದೇ ಕ್ಷೇಮ.

ಹಾಗಾದರೆ ಕಲ್ಲು? ಕಲ್ಲಿನ ಮೇಲೆಯೇ ಹುಟ್ಟಿದ ಊರುಗಳಿವು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂದು ಹೆಸರಿತ್ತು. ಅದೇ ಹೆಸರಿನ, ಸುಮಾರು 250 ಕೋಟಿ ವರ್ಷ ವಯಸ್ಸಿನ ಗ್ರಾನೈಟ್ ಪಟ್ಟಿಯೊಂದು ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಹರಡಿದೆ. ಮಧುಗಿರಿ, ಪಾವಗಡದ ಬೆಟ್ಟಗಳು ಆ ಪಟ್ಟಿಯವೇ. ಗ್ರಾನೈಟಿನಲ್ಲಿ ಅತ್ಯಲ್ಪ ಯುರೇನಿಯಂ ಇರುತ್ತದೆ. ಅದು ಸವೆಯುವ ಹಾದಿಯಲ್ಲಿ ರೇಡಾನ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಹೆಚ್ಚಿನ ಪಾಲು ನೆಲದ ಬಿರುಕಿನಿಂದ, ಸ್ವಲ್ಪ ಚಪ್ಪಡಿ, ಗೋಡೆಗಳಿಂದ ಹೊರಬರುತ್ತದೆ. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಅಣುಸ್ಥಾವರದ ಕೆಲಸಕ್ಕೆ ಹೋದಾಗ ವಿಕಿರಣದ ಎಚ್ಚರಿಕೆ ಗಂಟೆ ಹೊಡೆದುಕೊಂಡಿತು. ಸ್ಥಾವರದಲ್ಲಿ ಆಗಿನ್ನೂ ಇಂಧನವನ್ನೇ ಉರಿಸಿರಲಿಲ್ಲ. ಹುಡುಕಿದರೆ ಮೂಲ ಸಿಕ್ಕಿದ್ದು ಅವರ ಮನೆಯೊಳಗಿನ ಗಾಳಿಯಲ್ಲಿ.

ಸಿಗರೇಟಿನ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ಮುಖ್ಯ ಕಾರಣಗಳಲ್ಲಿ ರೇಡಾನ್ ಒಂದು. ಮನೆಯೊಳಗೆ ಒಂದು ಘನಮೀಟರ್ ಗಾಳಿಗೆ 100 ಬೆಕೆರಲ್‌ಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರು, ಮೈಸೂರಿನ ಸಂಶೋಧಕರು ಮನೆಗಳಲ್ಲಿ ಅಳತೆ ಮಾಡಿದಾಗ ಗಾಳಿಯಾಡದ ಕೋಣೆಗಳಲ್ಲಿ ಪ್ರಮಾಣ ಹೆಚ್ಚು ಕಂಡಿತು. ಕಲ್ಲಿನ ಮನೆಯವರು ಹೆದರಿ ಮನೆ ಬಿಡಬೇಕಿಲ್ಲ. ಗಾಳಿ ಆಡಬೇಕು, ಅಷ್ಟೆ. ಹಳೆಯ ಮನೆಯ ಗವಾಕ್ಷಿ ಆ ಕೆಲಸವನ್ನು ತಾನಾಗಿ ಮಾಡುತ್ತಿತ್ತು. ಕಳ್ಳರ ಭಯಕ್ಕೋ, ಧೂಳಿಗೋ, ಮೇಲೆ ಶೀಟು ಹಾಕುವ ಅನುಕೂಲಕ್ಕೋ ಅದನ್ನು ಮುಚ್ಚಿದವರು ಒಳ್ಳೆಯದೊಂದನ್ನು ಕಳೆದುಕೊಂಡರು.

ಕಲ್ಲು ನಿಜವಾಗಿ ಕಾಡುವುದು ಕೆಲಸದವರನ್ನು. ಗ್ರಾನೈಟ್, ಇಟ್ಟಿಗೆ, ಟೈಲ್ಸ್ ಯಾವುದನ್ನೇ ಆಗಲಿ ಒಣಗಿದಂತೆ ಕೊಯ್ದರೆ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಮಾಯದ ಗಾಯವಾಗಿಸುತ್ತದೆ. ಕ್ಷಯ ಸುಲಭವಾಗಿ ತಗಲುತ್ತದೆ. ಕೊಯ್ಯುವ ಜಾಗಕ್ಕೆ ನೀರು ಬಿಡುತ್ತಿದ್ದರೆ ಬಹುಪಾಲು ಧೂಳು ಏಳುವುದೇ ಇಲ್ಲ.

ಶೀಟು ಇಳಿಸುವಾಗಲೂ ನೀರೇ ಮೊದಲ ಆಯುಧ. ಹಿಂದಿನ ದಿನವೂ ಆ ಹೊತ್ತಿಗೂ ಚೆನ್ನಾಗಿ ನೆನೆಸಿ, ಹುಕ್ಕಿನ ನಟ್ಟು ಬಿಚ್ಚಿ ಇಡಿಯಾಗಿ ಇಳಿಸಬೇಕು. ಮೇಲಿಂದ ಎಸೆಯಬಾರದು. ಬಟ್ಟೆಯ ಮಾಸ್ಕು ಸಾಲದು, ಸಣ್ಣ ಎಳೆಯನ್ನೂ ತಡೆಯುವ ಬಿಗಿಯಾದ ಮಾಸ್ಕೇ ಬೇಕು. ಕೆಲಸದ ಬಟ್ಟೆ ಅಲ್ಲೇ ಕಳಚಿ ನೀರಿನಲ್ಲಿ ಮುಳುಗಿಸಬೇಕು. ಒಡೆದ ಚೂರನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮತ್ತೆ ಯಾರೂ ಅಗೆಯದ ಕಡೆ ಆಳವಾಗಿ ಹೂಳಬೇಕು. ಇದಕ್ಕೆ ಪುರಸಭೆ, ಪಟ್ಟಣ ಪಂಚಾಯಿತಿಗಳು ಒಂದು ಜಾಗ ಗುರುತಿಸಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ನೀರಿನಲ್ಲಿ ಫ್ಲೋರೈಡ್ ಇರುವ ಪಾವಗಡದಲ್ಲಿ ಚಾವಣಿಯ ಮಳೆನೀರು ಹಿಡಿಯುವವರು ಸವೆದ ಶೀಟಿನ ನೀರನ್ನು ಕುಡಿಯದೆ ಬೇರೆ ಬಳಕೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ದೋಣಿಯಲ್ಲಿ ಕೂತ ಕೆಸರನ್ನು ಒಣಗಲು ಬಿಡದೆ ತೆಗೆಯಬೇಕು.

ಹೊಸ ಚಾವಣಿಗೆ ಬಣ್ಣದ ಲೋಹದ ಶೀಟು, ಕಲ್ನಾರಿಲ್ಲದ ನಾರುಸಿಮೆಂಟ್ ಶೀಟು, ಹೆಂಚು ಎಲ್ಲವೂ ಈಗ ಸಿಗುತ್ತವೆ. ಮಣ್ಣಿನ ಗೋಡೆಯನ್ನೇ ಬಯಸುವವರಿಗೆ ದಾರಿ ತೋರಿದ್ದು ಇದೇ ಜಿಲ್ಲೆ. ಭಾರತೀಯ ವಿಜ್ಞಾನ ಸಂಸ್ಥೆ 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆಯೂರಿ, ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆಯ ಜೊತೆಗೆ, ಅದುಮಿ ಮಾಡಿದ ಮಣ್ಣಿನ ಇಟ್ಟಿಗೆಯ ಕೆಲಸವನ್ನೂ ಬೆಳೆಸಿತು.

ಇಷ್ಟಾದರೂ ಪೇಟೆಯ ಹಳೆಯ ಮನೆಯಿಂದ ಇಳಿದ ಶೀಟು ಅಲ್ಲಿಗೇ ಮುಗಿಯುವುದಿಲ್ಲ. ಚೆನ್ನಾಗಿರುವುದನ್ನು ಆರಿಸಿ ಟೆಂಪೋಗೆ ಹೇರುತ್ತಾರೆ. ಅರ್ಧ ಬೆಲೆಗೆ ಹಳ್ಳಿಯ ಯಾರದೋ ಕೊಟ್ಟಿಗೆಗೆ, ಕೋಳಿ ಗೂಡಿಗೆ, ಬಚ್ಚಲಿಗೆ ಹೋಗುತ್ತದೆ. ಅಳತೆಗೆ ಬರದ ತುದಿಯನ್ನು ಅಲ್ಲಿ ಮತ್ತೊಮ್ಮೆ ಗರಗಸ ಹಿಡಿದು ಕೊಯ್ಯುತ್ತಾರೆ. ಉಳಿದ ಚೂರು ಹಿತ್ತಲಲ್ಲಿ ಬಿದ್ದಿರುತ್ತದೆ. ಸಂಜೆ ಮಕ್ಕಳು ಕುಂಟೆಬಿಲ್ಲೆಗೆ ಬಿಲ್ಲೆ ಹುಡುಕುತ್ತಾ ಬರುವುದು ಆ ಹಿತ್ತಲಿಗೇ.